ಹಾರ್ಡ್ ಎಂಬ ಪದದ ಮೊದಲನೇ ಅರ್ಥ

ನಮ್ಮ ಮನೆಯಲ್ಲಿ ಇಂಗ್ಲಿಷ್ ಪಾಠ ನಡೆಯುತ್ತಿದ್ದದ್ದು ಬೆಳಿಗ್ಗೆ, ಕುಚ್ಚಲಕ್ಕಿ ಬೇಯುವ ಹೊತ್ತಿನಲ್ಲಿ. ಆ ಅಕ್ಕಿ ಬೇಗ ಬೇಯುವುದಿಲ್ಲ. ನನ್ನ ಹೆಂಡತಿ ಒಲೆಗೆ ಕಟ್ಟಿಗೆ ದೂಡಿ, ಕೈ ಒರೆಸಿಕೊಂಡು, ಪುಸ್ತಕ ಹಿಡಿದು ಅಡುಗೆಮನೆಯ ಹೊಸ್ತಿಲ ಹತ್ತಿರ ಕೂರುತ್ತಿದ್ದಳು.

ನಾನು ಕಾಣಿಯೂರು ಕಡೆಯ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಮಾಷ್ಟ್ರು. ಬಾಡಿಗೆ ಮನೆ ಕಡಬ ಪೇಟೆಯ ಹತ್ತಿರ. ಮನೆಯಲ್ಲಿ ಮೂರೇ ಜನ: ನಾನು, ಅವಳು, ನನ್ನ ಅಮ್ಮ. ನಮಗೆ ಮಕ್ಕಳಾಗಲಿಲ್ಲ. ಅಮ್ಮನದು ತುಳು. ಹೆಂಡತಿ ಸುಳ್ಯದ ಕಡೆಯವಳು, ತವರಿನ ಮಾತು ಅರೆಭಾಷೆ. ನಾವಿಬ್ಬರು ಮದುವೆಯಾದಂದಿನಿಂದ ಕನ್ನಡದಲ್ಲೇ ಮಾತಾಡಿಕೊಂಡವರು. ಪಿಯುಸಿಗೆ ಓದು ನಿಲ್ಲಿಸಿದ್ದ ಅವಳು ಪೇಟೆಯ ಟೈಲರ್ ಅಂಗಡಿಯಲ್ಲಿ ರವಿಕೆ ಹೊಲಿಯುತ್ತಿದ್ದಳು. ನಲವತ್ತು ಹತ್ತಿರವಾದಾಗ, "ಕಣ್ಣು ಮಂಜಾಗುವ ಮೊದಲು ಒಂದು ಡಿಗ್ರಿ ಮಾಡ್ತೇನೆ" ಅಂತ ದೂರಶಿಕ್ಷಣದಲ್ಲಿ ಬಿ.ಎ.ಗೆ ಸೇರಿದಳು. ಉಳಿದದ್ದೆಲ್ಲ ಅವಳೇ ಓದಿಕೊಳ್ಳುತ್ತಿದ್ದಳು. ಇಂಗ್ಲಿಷ್ ಒಂದು ಮಾತ್ರ ನನ್ನ ಪಾಲಿಗೆ ಬಂತು.

ಒಂದು ಪಾಠದಲ್ಲಿ 'ಹಾರ್ಡ್' ಎಂಬ ಪದ ಮತ್ತೆ ಮತ್ತೆ ಬಂತು, ಬಂದಾಗಲೆಲ್ಲ ಬೇರೆ ಅರ್ಥದಲ್ಲಿ. ನಾನು ಕ್ಲಾಸಿನಲ್ಲಿ ಹೇಳುವ ಹಾಗೆ ಹೇಳಿದೆ. ಮೊದಲನೇ ಅರ್ಥ ಗಟ್ಟಿ, ಕಲ್ಲಿನ ಹಾಗೆ. ಎರಡನೇದು ಕಷ್ಟ. ಮನುಷ್ಯನಿಗೆ ಹೇಳಿದರೆ ಕನಿಕರ ಇಲ್ಲದವ. ಮಳೆಗೆ ಹೇಳಿದರೆ ಜೋರು. ಕಿವಿ ಕೇಳದವರಿಗೂ ಅದೇ ಪದ, ಸಾಬೂನು ನೊರೆ ಬಾರದ ನೀರಿಗೂ ಅದೇ.

"ಎಂತ ಮಾರಾಯ್ರೆ, ಅವರಿಗೆ ಬೇರೆ ಪದ ಇರ್ಲಿಲ್ವಾ? ಒಂದೇ ಪದದ ಹತ್ತಿರ ಇಷ್ಟೆಲ್ಲ ಕೆಲಸ ಮಾಡಿಸುದಾ?"

"ನಮ್ಮ ಗಟ್ಟಿ ಎಂತ ಕಡಿಮೆಯಾ? ಗಟ್ಟಿ ಮಾತಾಡು ಅಂತೇವೆ. ಅಜ್ಜ ಇನ್ನೂ ಗಟ್ಟಿ ಇದ್ದಾರೆ ಅಂತೇವೆ. ಅರಶಿನ ಎಲೆಯಲ್ಲಿ ಅಕ್ಕಿಹಿಟ್ಟು ಇಟ್ಟು ಬೇಯಿಸಿದ ತಿಂಡಿಗೂ ಗಟ್ಟಿ ಅಂತೇವೆ."

"ಅದನ್ನು ತಿನ್ಲಿಕ್ಕಾದ್ರೂ ಆಗ್ತದೆ" ಅಂತ ನಕ್ಕಳು.

ಆಮೇಲೆ ಅದೊಂದು ಆಟವೇ ಆಯಿತು. ಬೋರ್‌ವೆಲ್ಲಿನ ನೀರು ಹಾರ್ಡ್. ಇವತ್ತು ಬಟ್ಟೆ ಕೊಟ್ಟು ನಾಳೆಗೇ ರವಿಕೆ ಬೇಕು ಅನ್ನುವ ಹೆಂಗಸು ಹಾರ್ಡ್. ಕೂಗಿ ಕರೆದರೂ ತಿರುಗಿ ನೋಡದ ಬಸ್ ಕಂಡಕ್ಟರ್ ಎರಡು ಅರ್ಥದಲ್ಲಿ ಹಾರ್ಡ್.

ಒಂದು ಬೆಳಿಗ್ಗೆ ಅಮ್ಮ ಪಕ್ಕದಲ್ಲೇ ಕೂತು ತೆಂಗಿನಕಾಯಿ ತುರಿಯುತ್ತಿದ್ದರು. ಹೆಂಡತಿ ಪುಸ್ತಕ ಬಿಡಿಸಲಿಲ್ಲ. ನನ್ನನ್ನೇ ನೋಡುತ್ತಾ, ನಿಧಾನಕ್ಕೆ, ಇಂಗ್ಲಿಷಿನಲ್ಲಿ ಹೇಳಿದಳು: "ದೇರ್ ಈಸ್ ಎ ಹಾರ್ಡ್ ಥಿಂಗ್."

"ವಾಕ್ಯ ಸರಿ ಉಂಟು. ಒಂದು ಕಷ್ಟದ ಸಂಗತಿ ಉಂಟು ಅಂತಾಯ್ತು."

ಅವಳು ತಲೆ ಅಲ್ಲಾಡಿಸಿದಳು. "ಆ ಅರ್ಥ ಅಲ್ಲ. ಮೊದಲನೇ ಅರ್ಥ." ಹೇಳುತ್ತಾ ಎಡಗೈಯ ಕಂಕುಳ ಕೆಳಗೆ, ಎದೆಯ ಬದಿಗೆ ಬೆರಳು ಇಟ್ಟಳು.

ಅಮ್ಮ ತುರಿಯುವುದು ನಿಲ್ಲಿಸಿ, ಅವಳು ಎಂತ ಹೇಳುದು ಅಂತ ಕೇಳಿದರು.

"ಪಾಠ, ಅತ್ತೆ" ಅಂದಳು ಅವಳು.

ಅವತ್ತೇ ಪುತ್ತೂರಿಗೆ ಹೋದೆವು. ಅಲ್ಲಿಯ ಲೇಡಿ ಡಾಕ್ಟರ್ ಸ್ಕ್ಯಾನ್ ಮಾಡಿಸಿ ಮಂಗಳೂರಿಗೆ ಚೀಟಿ ಬರೆದುಕೊಟ್ಟರು. ಮಂಗಳೂರಿನ ಡಾಕ್ಟರು ನನ್ನ ಕಡೆ ತಿರುಗಿ ಇಂಗ್ಲಿಷಿನಲ್ಲಿ ಹೇಳುತ್ತಾ ಹೋದರು. ಅವಳು ನಡುವೆ ಬಾಯಿ ಹಾಕಿದಳು.

"ಡಾಕ್ಟ್ರೆ, ನನ್ನ ಹತ್ತಿರ ಹೇಳಿ. ಟ್ರೀಟ್‌ಮೆಂಟ್ ಹಾರ್ಡಾ?"

ಅವರು ಕುರ್ಚಿ ತಿರುಗಿಸಿ ಅವಳ ಎದುರು ಕೂತರು. "ಹೌದಮ್ಮ, ಹಾರ್ಡ್ ಉಂಟು. ಆದ್ರೆ ಮಾಡುವ."

ಎದೆಯ ಒಂದು ಭಾಗ ತೆಗೆದರು. ಕಿಮೋಗೆ ಕೂದಲು ಹೋಯಿತು. ಆಚೆಮನೆಯ ಬ್ಯಾರಿ ಹೆಂಗಸು ತನ್ನದೇ ಒಂದು ಹತ್ತಿಯ ಶಾಲು ತಂದು, ಜಾರದ ಹಾಗೆ ತಲೆಗೆ ಕಟ್ಟುವುದನ್ನು ಕಲಿಸಿಕೊಟ್ಟರು. ಅವರ ಗಂಡ ಗಲ್ಫಿನಲ್ಲಿ. ನಾನು ಶಾಲೆಯಿಂದ ಬರುವವರೆಗೆ ಅವರೇ ಬಂದು ಕೂರುತ್ತಿದ್ದರು. ಆ ಶಾಲು ಕಟ್ಟಿಕೊಂಡೇ ಅವಳು ಪುತ್ತೂರಿನಲ್ಲಿ ಇಂಗ್ಲಿಷ್ ಪರೀಕ್ಷೆ ಬರೆದಳು. ನಾನು ಗೇಟಿನ ಹೊರಗೆ ಎಳನೀರು ಹಿಡಿದು ನಿಂತಿದ್ದೆ.

"ಹಾರ್ಡ್ ಇತ್ತಾ?"

"ನಿಮ್ಮ ಪಾಠದಷ್ಟು ಇರ್ಲಿಲ್ಲ."

ಪಾಸಾದಳು. ಒಳ್ಳೆಯ ಮಾರ್ಕೇ ಬಂದಿತ್ತು. ಕೂದಲೂ ಚಿಕ್ಕ ಚಿಕ್ಕದಾಗಿ ಬರುತ್ತಿತ್ತು. ಒಂದಷ್ಟು ಕಾಲ ನಾವು ಮೂವರೂ, ಎಲ್ಲ ಮುಗಿಯಿತು ಅಂದುಕೊಂಡು ಇದ್ದೆವು.

ಮುಂದಿನ ಮಳೆಗಾಲಕ್ಕೆ ಬೆನ್ನು ನೋವು ಶುರುವಾಯಿತು. ಆ ಕಾಯಿಲೆ ಎಲುಬಿಗೆ ಹೋಗಿತ್ತು. ಹೊಲಿಗೆ ನಿಂತಿತು, ಓದು ನಿಂತಿತು, ಕಡೆಗೆ ಎದ್ದು ಕೂರುವುದೂ ನಿಂತಿತು. ನೋವು ಹೆಚ್ಚಾದಾಗ ಅವಳ ಬಾಯಲ್ಲಿ ಇಂಗ್ಲಿಷೂ ಇಲ್ಲ, ಕನ್ನಡವೂ ಇಲ್ಲ. "ಅವ್ವಾ" ಅಂತ ತವರಿನ ಮಾತಿನಲ್ಲಿ ಕರೆಯುತ್ತಿದ್ದಳು. ಅವಳ ಅವ್ವ ತೀರಿಹೋಗಿ ಎಷ್ಟೋ ವರ್ಷ. ನನ್ನ ಅಮ್ಮ ಓಡಿಬಂದು, "ಇಲ್ಲೇ ಇದ್ದೇನೆ ಮಗಾ" ಅಂತ ತುಳುವಿನಲ್ಲಿ ಓಗೊಡುತ್ತಿದ್ದರು.

ಒಂದು ಮಧ್ಯಾಹ್ನ ನಾನು ಕೇಳಿದೆ, "ನೋವು ಹೇಗೆ ಉಂಟು? ಡಾಕ್ಟ್ರಿಗೆ ಫೋನಲ್ಲಿ ಹೇಳ್ಬೇಕು."

ಅವಳು ಪದ ಹುಡುಕಿದಳು. "ಎಂತ ಹೇಳುದು? ಯಾವ ಪದವೂ ಸಾಕಾಗುದಿಲ್ಲ" ಅಂದಳು. ಅಷ್ಟು ಸಣ್ಣ ಸ್ವರ, ಕಿವಿ ಹತ್ತಿರ ತಂದು ಕೇಳಬೇಕಾಯಿತು.

ಅದೇ ವಾರ ಹೋದಳು, ಹಗಲು ಹೊತ್ತಿನಲ್ಲಿ. ಅಮ್ಮ ಅವಳ ಕಾಲು ಒರೆಸುತ್ತಿದ್ದರು. ಕಾಲು ತಣ್ಣಗಾದದ್ದು ಮೊದಲು ಅವರಿಗೇ ಗೊತ್ತಾಯಿತು.

ಕಡೆಯ ದಿನಗಳಿಗೆಂದು ಗುಂಡ್ಯದ ಒಂದು ಮನೆಯಿಂದ ಮಂಚ ತಂದಿದ್ದೆವು. ಹಿಡಿಕೆ ತಿರುಗಿಸಿದರೆ ತಲೆಯ ಕಡೆ ಏಳುವ ಕಬ್ಬಿಣದ ಮಂಚ. ಆ ಮನೆಯವರು ತಮ್ಮ ಮಗಳಿಗಾಗಿ ಮಾಡಿಸಿದ್ದು, ಅವಳು ತೀರಿಹೋದ ಮೇಲೆ ಬೇಕಾದವರಿಗೆ ಸುಮ್ಮನೆ ಕೊಡುತ್ತಾರೆ. ಅವಳ ಉತ್ತರಕ್ರಿಯೆಯ ಬೊಜ್ಜ ಮುಗಿದ ಮೇಲೆ ಅದನ್ನು ತೊಳೆದು, ಒರೆಸಿ, ಪಿಕಪ್ಪಿನಲ್ಲಿ ಹಾಕಿ ತೆಗೆದುಕೊಂಡು ಹೋದೆ.

ಅಂಗಳದಲ್ಲಿ ಆಗಲೇ ಇನ್ನೊಬ್ಬರು ಜೀಪು ನಿಲ್ಲಿಸಿ ಕಾಯುತ್ತಿದ್ದರು. ಅವರ ತಂದೆಗೆ ಬೇಕಿತ್ತಂತೆ. ಮಂಚ ನೆಲಕ್ಕೂ ತಾಗಲಿಲ್ಲ. ಇಬ್ಬರೂ ಹಿಡಿದು ಪಿಕಪ್ಪಿನಿಂದ ಜೀಪಿಗೇ ದಾಟಿಸಿದೆವು. ಹಿಡಿಕೆ ಹೇಗೆ ತಿರುಗಿಸುವುದೆಂದು ತೋರಿಸಿಕೊಟ್ಟೆ.

"ಒಮ್ಮೆಲೇ ಎತ್ತಬೇಡಿ. ಬೆನ್ನಿನ ಹಿಂದೆ ಒಂದು ಕೈ ಇಟ್ಟುಕೊಂಡು, ಸ್ವಲ್ಪ ಸ್ವಲ್ಪವೇ."

"ಆಯ್ತು. ನಿಮ್ಮವರು ಈಗ ಹುಷಾರಿದ್ದಾರಾ?" ಅಂತ ಅವರು ಕೇಳಿದರು.

ಮನೆಯ ಯಜಮಾನಿ ಜಗಲಿಯಿಂದ ಇಳಿದು ಬಂದರು. "ಬನ್ನಿ ಮಾಷ್ಟ್ರೆ, ಒಳಗೆ ಬನ್ನಿ, ಚಾ ಮಾಡಿದ್ದೇನೆ" ಅಂತ ನನ್ನ ಕೈ ಹಿಡಿದರು. ನಾಲ್ಕು ಭಾಷೆಯ ನಮ್ಮ ಮನೆಯಲ್ಲಿ ಬಾರದಿದ್ದ ಅಳು, ಹೆಚ್ಚು ಗುರುತಿಲ್ಲದವರ ಜಗಲಿಯಲ್ಲಿ ಬಂತು. ಅವರು ಸಮಾಧಾನ ಹೇಳಲಿಲ್ಲ. ತಾವೂ ಪಕ್ಕದಲ್ಲಿ ಕೂತು ಅತ್ತರು.