ಮರ ಹತ್ತದೆ ನಿಂತ ದಿನ

೧೯೯೧ರಲ್ಲಿ ಏಳನೇ ತರಗತಿಗೆ ಶಾಲೆ ಬಿಟ್ಟ ನಾನು ಮತ್ತೆ ಪರೀಕ್ಷೆಗೆ ಕೂತಿದ್ದು ಈ ವರ್ಷ, ಯಸಳೂರಿನ ನಮ್ಮ ಮನೆಯಲ್ಲಿ. ಸ್ವಭಾವ ತಿಳಿಸುವ ಪ್ರಶ್ನೆಗಳನ್ನು ಮಗಳು ಮೊಬೈಲ್ ನೋಡಿ ಓದುತ್ತಿದ್ದಳು. ‘ಬೇರೆಯವರ ಕೆಲಸವನ್ನು ನಂಬುತ್ತೀರಾ?’ ಹೌದು ಎಂದೆ.

ಹೆಂಡತಿ ನಕ್ಕಳು. “ಸುಳ್ಳು ಕಣೇ, ಇಲ್ಲ ಅಂತ ಒತ್ತು. ಮಂಜ ಕೊಂಬೆ ಸವರಿ ಇಳಿದ್ರೆ ನಿಮ್ಮಪ್ಪ ಅದೇ ಮರ ಮತ್ತೆ ಹತ್ತುತಾರೆ. ಕೆಲ್ಸ ಬಿಟ್ಟೋಗ್ತೀನಿ ಅಕ್ಕ ಅಂತ ನನ್ನತ್ರ ಹೇಳ್ದ.”

ಕಾಫಿ ತೋಟದ ಮರಗಸಿಯಲ್ಲಿ, ಅಂದರೆ ನೆರಳಿನ ಮರಗಳ ಕೊಂಬೆ ಸವರುವುದರಲ್ಲಿ, ನನ್ನಷ್ಟು ಚೊಕ್ಕ ಕೆಲಸದವರು ಈ ಕಡೆ ಕಡಿಮೆ. ಇದ್ದರೆ ನನ್ನ ಜೊತೆ ಕೆಲಸ ಮಾಡುವ ಮಂಜ ಒಬ್ಬನೇ. ಮಾರನೇ ದಿನ ಅವನು ಸವರಿ ಇಳಿದ ಮೇಲೆ, ಕೈ ಕಟ್ಟಿಕೊಂಡು ಕೆಳಗೇ ನಿಂತೆ.

“ಯಾಕಣ್ಣ, ಹತ್ತಾಕಿಲ್ವಾ? ಜ್ವರ ಐತಾ?” ಎಂದು ನನ್ನ ಹಣೆ ಮುಟ್ಟಿ ನೋಡಿದ.

ಮಂಜ ಬಿಟ್ಟು ಹೋಗಲಿಲ್ಲ. ಈಗ ನಮ್ಮ ಬಳಿ ನಾಲ್ಕು ಏಣಿ, ಆರು ಜನ, ಮೂರು ಎಸ್ಟೇಟಿನ ಕೆಲಸ ಇದೆ.