ಸಹನಾಳ ಚುಕ್ಕಿ, ನನ್ನ ಚಾಳೀಸು

"ಒಂದು ಅಂಗಿಗೆ 225 ಮೀಟರ್ ಬಟ್ಟಿ ಬೇಕೇನವಾ? ಆನಿಗೆ ಹೊಲಿಸಾಕಿಯೇನು? ಗರಗದ ಖಾದಿ ಎಲ್ಲಾ ನಿಮ್ಮ ಮನಿಗೇ ತರಸ್ರಿ ಹಂಗಾರ!"

ಇಡೀ ಏಳನೆಯ ತರಗತಿ ಗೊಳ್ಳೆಂದು ನಕ್ಕಿತು. ಗಣಿತದ ಪರೀಕ್ಷೆಯಲ್ಲಿ ದಶಮಾಂಶದ ಚುಕ್ಕಿಯನ್ನೇ ಇಡದ ಸಹನಾ ತಲೆ ತಗ್ಗಿಸಿದಳು. ಮೂರು ಅಂಕ ಕತ್ತರಿಸಿದ್ದು ನಾನೇ, ನಗಿಸಿದ್ದೂ ನಾನೇ.

ಗಂಟೆ ಹೊಡೆದ ಮೇಲೆ ಅವಳು ಪೇಪರ್ ಹಿಡಿದು ಬಂದಳು. "ಅಕ್ಕೋರ, ಚುಕ್ಕಿ ಇಟ್ಟೀನ್ರಿ."

"ಎಲ್ಲಿ ಇಟ್ಟಿ?"

ಬೆರಳಿಟ್ಟು ತೋರಿಸಿದಳು. ಪೇಪರನ್ನು ಹತ್ತಿರ ತಂದೆ, ಎಲ್ಲಾ ಮಂಜು ಮಂಜು. ದೂರ ಹಿಡಿದೆ, ಇನ್ನಷ್ಟು ದೂರ ಹಿಡಿದೆ, ಕೈಯೇ ಮುಗಿದುಹೋಯಿತು. ಕಿಟಕಿಯ ಬೆಳಕಿಗೆ ಒಯ್ದೆ. ಏನೋ ಇದ್ದಂತಿತ್ತು.

ಪಾಪ, ಹುಡುಗಿ ತನ್ನ ಕನ್ನಡಕವನ್ನೇ ತೆಗೆದು ಕೊಟ್ಟಳು. "ಇದನ್ನ ಹಾಕ್ಕೊಂಡು ನೋಡ್ರಿ. ನನಗ ಛಲೋ ಕಾಣಸ್ತೈತ್ರಿ." ಹಾಕಿಕೊಂಡೆ. ಇದ್ದಬದ್ದ ಅಂಕಿಗಳೂ ಮಾಯವಾದವು!

ಆ ಕನ್ನಡಕ ಬಂದದ್ದೇ ನನ್ನಿಂದ. ಅವಳು ಕಣ್ಣು ಕಿರಿದು ಮಾಡಿ ಬೋರ್ಡ್ ನೋಡುವುದನ್ನು ಕಂಡು ಅವಳ ಅಪ್ಪನನ್ನು ಕರೆಸಿದ್ದೆ. "ಚಷ್ಮಾ ಹಾಕಿದ್ರ ಮಾರಿ ಚಂದ ಕಾಣಾಂಗಿಲ್ಲರಿ" ಎಂದವರಿಗೆ ಅರ್ಧ ಗಂಟೆ ಭಾಷಣ ಬಿಗಿದಿದ್ದೆ.

ಮತ್ತೆ ನನ್ನದು? ನಲವತ್ತಾರು ದಾಟಿದೆ. ಎರಡು ವರ್ಷದಿಂದ ಮನೆಯ ಬಲ್ಬು ಮಂಕಾಗಿದೆ, ಪೇಪರಿನವರು ಅಕ್ಷರ ಸಣ್ಣ ಮಾಡಿದ್ದಾರೆ, ಮಾತ್ರೆ ಕಂಪನಿಯವರಿಗಂತೂ ಬುದ್ಧಿಯೇ ಇಲ್ಲ. (ನನ್ನ ಕಣ್ಣೊಂದನ್ನು ಬಿಟ್ಟು ಎಲ್ಲದರಲ್ಲೂ ದೋಷ!) "ನನ್ನ ಚಾಳೀಸರೆ ಹಾಕ್ಕೊ" ಎಂದ ಗಂಡನ ಮೇಲೆ, "ನನಗೇನು ವಯಸ್ಸಾಗೇತೇನು?" ಎಂದು ಹರಿಹಾಯ್ದವಳು ನಾನು.

ಅಂದು ಸಂಜೆ ಸಪ್ತಾಪುರದ ಕನ್ನಡಕದ ಅಂಗಡಿಗೆ ಹೋದೆ. ಸಹನಾಳ ಕನ್ನಡಕ ಹಾಕಿ ನೋಡಿದ್ದನ್ನೂ ಹೇಳಿದೆ. ಅಲ್ಲಿನ ಹಿರಿಯರು ಕಣ್ಣು ಪರೀಕ್ಷಿಸಿದರು. "ಆ ಹುಡುಗಿದು ಮೈನಸ್ ನಂಬರ್ರಿ, ದೂರಿಂದು ಕಾಣಾಕ. ನಿಮಗ ಬೇಕಾದ್ದು ಪ್ಲಸ್, ಹತ್ರಂದು ಓದಾಕ. ನಲವತ್ತು ದಾಟಿದ್ಮ್ಯಾಲ ಕಣ್ಣಾಗಿನ ಮಸೂರ ಮೊದಲಿನಂಗ ಬಾಗಾಂಗಿಲ್ಲರಿ. ಎಲ್ಲಾರಿಗೂ ಬರೂದ."

'ಎಲ್ಲಾರಿಗೂ' ಎಂದದ್ದು ಕೇಳಿ ಸಮಾಧಾನವಾಯಿತು.

"ಎಷ್ಟು ದಿನಾತ್ರಿ ಹಿಂಗಾಗಿ?"

"ಹೋದ ವಾರದಿಂದ್ರಿ."

"ಎಲ್ಲಾರೂ ಹೋದ ವಾರನ ಅಂತಾರ್ರಿ" ಎಂದು ಅವರು ನಕ್ಕರು.

ಕನ್ನಡಕ ಕೈಗೆ ಬಂದ ದಿನವೇ, ಮಕ್ಕಳಿಂದ ವಾಪಸು ಪಡೆದಿದ್ದ ಉತ್ತರಪತ್ರಿಕೆಗಳ ಕಟ್ಟು ಬಿಚ್ಚಿ ಕುಳಿತೆ. ಇತ್ತು. 2 ಆದ ಮೇಲೆ ಪುಟ್ಟದೊಂದು ಚುಕ್ಕಿ, ಅಚ್ಚುಕಟ್ಟಾಗಿ ಕುಳಿತಿತ್ತು. ಬಹಳ ನಾಚಿಕೆಯಾಯಿತು. ಇನ್ನೂ ನಾಲ್ಕು ಮಕ್ಕಳ ಚುಕ್ಕಿಗಳು ಸಿಕ್ಕವು. ಒಬ್ಬನಿಗೆ ಮಾತ್ರ ಚುಕ್ಕಿಯೆಂದು ಅಂಕ ಕೊಟ್ಟಿದ್ದೆ, ಅದು ನನ್ನದೇ ಡಬ್ಬಿಯ ಅವಲಕ್ಕಿಯ ಸಾಸಿವೆ. (ಕಡಿಮೆ ಮಾಡಲಿಲ್ಲ. ಸಾಸಿವೆ ನನ್ನದು, ತಪ್ಪು ಅವನದಲ್ಲವಲ್ಲ?)

ಎಲ್ಲರೆದುರು ಬೈದವಳು ಕ್ಷಮೆಯನ್ನು ಸ್ಟಾಫ್ ರೂಮಿನಲ್ಲಿ ಕೇಳಿದರೆ ಹೇಗೆ? ಮರುದಿನ ಕ್ಲಾಸಿನಲ್ಲೇ ಹೇಳಿದೆ. "ತಪ್ಪು ನಂದವಾ ಸಹನಾ. ನಿನ್ನ ಚುಕ್ಕಿ ಇತ್ತು, ನನಗ ಕಾಣಲಿಲ್ಲ. ಎರಡು ವರ್ಷಾತು, ಹತ್ರಂದು ನನಗ ಸರಿಯಾಗಿ ಕಾಣವಲ್ದು."

ನನ್ನ ದೊಡ್ಡತನಕ್ಕೆ ನಾನೇ ಒಂಚೂರು ಉಬ್ಬಿದೆ.

ಸಹನಾ ಮೂಗಿನ ಮೇಲಿನ ಕನ್ನಡಕ ಸರಿಮಾಡಿಕೊಂಡು ಎದ್ದು ನಿಂತಳು.

"ಹಂಗಾರ ಅಕ್ಕೋರ, ಹೋದ ವರ್ಷದ ಪೇಪರ್ ಎಲ್ಲಿ ಅದಾವ್ರಿ?"