ಎಕ್ಸೆಲ್ ಮೇಲೆ ಕೂತ ಮೋಟರು

ಮುದ್ದೇಬಿಹಾಳದ ಧರೆಪ್ಪ ಸುಟ್ಟ ಪಂಪ್ ಮೋಟರುಗಳಿಗೆ ಹೊಸ ತಂತಿ ಸುತ್ತಿಕೊಡುವವನು. ಸುಟ್ಟ ಮೋಟರು ಕಂಡರೆ ಅವನಿಗೆ ಹಸಿದ ಕೂಸು ಕಂಡಷ್ಟು ಕರುಣೆ. 2002ರಲ್ಲಿ ಸೊಲ್ಲಾಪುರದ ಗುಜರಿಯಿಂದ ಬ್ಯಾಟರಿಯಲ್ಲಿ ಓಡುವ ದೊಡ್ಡ ಮೋಟರೊಂದನ್ನು ತಂದು, ಹತ್ತು ಚೀಲ ಜೋಳ ಹೊರುವ ಗಾಡಿಯನ್ನೇ ಕಟ್ಟಿಬಿಟ್ಟ. ಮೋಟರು ಸೀಟಿನ ಕೆಳಗೆ. ಅಲ್ಲಿಂದ ಬೆಲ್ಟು, ಬೆಲ್ಟಿನಿಂದ ಹಳೇ ಜೀಪಿನ ಗೇರ್‌ಬಾಕ್ಸು, ಅದರಿಂದ ಉದ್ದನೆಯ ಶಾಫ್ಟು, ಕೊನೆಗೆ ಹಿಂದಿನ ಗಾಲಿಗಳ ಅಚ್ಚು, ಅಂದರೆ ಎಕ್ಸೆಲ್.

ಗಾಡಿಯೇನೋ ಓಡಿತು. ಆದರೆ ಮಾರ್ಕೆಟ್ ಯಾರ್ಡಿನ ಮೂರನೇ ಟ್ರಿಪ್ಪಿಗೆ ಬ್ಯಾಟರಿ ಕೈಕೊಡುತ್ತಿತ್ತು.

ಒಂದು ಮಧ್ಯಾಹ್ನ ಹೆಂಡತಿ ಸುಂದರವ್ವ ಬುತ್ತಿಯನ್ನು ಗೇರ್‌ಬಾಕ್ಸಿನ ಮೇಲಿಟ್ಟಳು. ತುಸು ಹೊತ್ತಿಗೆ ಬಿಚ್ಚಿದರೆ ತಣ್ಣನೆಯ ರೊಟ್ಟಿ ಸುಡುಸುಡು!

"ಏನ್ರಿ, ಇದು ಗಾಡಿನೋ, ಹಂಚೋ? ನಿಮ್ಮ ಬ್ಯಾಟರಿ ಕರೆಂಟೆಲ್ಲಾ ರೊಟ್ಟಿ ಕಾಸಾಕ ಹೊಂಟೈತಿ."

ಧರೆಪ್ಪ ಗೇರ್‌ಬಾಕ್ಸು ಮುಟ್ಟಿ ನೋಡಿ ಚುರುಕ್ಕೆಂದು ಕೈ ಹಿಂದೆಳೆದ. ಹೌದಲ್ಲ! ಬೆಲ್ಟು ಜಾರಿ ಒಂದಿಷ್ಟು, ಗೇರಿನ ಹಲ್ಲು ತಿಕ್ಕಿ ಒಂದಿಷ್ಟು, ಶಾಫ್ಟು ನಡುಗಿ ಮತ್ತೊಂದಿಷ್ಟು. ಗಾಲಿಗೆ ಮುಟ್ಟುವ ಶಕ್ತಿ, ಮದುವೆಯ ಕೊನೇ ಪಂಕ್ತಿಗೆ ಮುಟ್ಟುವ ತುಪ್ಪದಷ್ಟು.

"ನಡುವ ದಲಾಲರು ಭಾಳ ಆಗ್ಯಾರ," ಎಂದವನೇ ದೊಡ್ಡ ಮೋಟರು, ಬೆಲ್ಟು, ಗೇರ್‌ಬಾಕ್ಸು, ಶಾಫ್ಟು ಎಲ್ಲವನ್ನೂ ಕಿತ್ತು ಹಾಕಿದ. ಎಕ್ಸೆಲ್ಲನ್ನು ನಡುವೆ ಕೊಯ್ದು, ಅದರ ಮೇಲೆಯೇ ಗಾಲಿಗೊಂದರಂತೆ ಎರಡು ಸಣ್ಣ ಮೋಟರು ಕೂರಿಸಿದ. ಇಳಿದ ಕಬ್ಬಿಣದ ತೂಕಕ್ಕೆ ಬದಲಾಗಿ ಇನ್ನೆರಡು ಚೀಲ ಹಿಡಿಸಿದವು.

ಮೊದಲ ಸವಾರಿ ತನಗೇ ಬೇಕೆಂದು ಕಾಳಿನ ವ್ಯಾಪಾರಿ ಭೀಮಶ್ಯಾ ಚೀಲಗಳ ಮೇಲೇರಿ ಕೂತ. ಧರೆಪ್ಪ ಸ್ವಿಚ್ಚು ತಿರುವಿದ. ಒಂದು ಗಾಲಿ ಮುಂದಕ್ಕೆ ಹೊರಟಿತು, ಇನ್ನೊಂದು ಹಿಂದಕ್ಕೆ. ಗಾಡಿ ನಿಂತಲ್ಲೇ ಗಿರಗಿರ ತಿರುಗತೊಡಗಿತು.

"ನಿಂದರ್ಸೋ ಧರೆಪ್ಪ! ನಾ ಅಂಗಡಿಗಿ ಹೋಗಬೇಕಂದೆ, ಬೀಸೂ ಕಲ್ಲಾಗಬೇಕಂದಿಲ್ಲ!"

"ಗಟ್ಟಿ ಹಿಡೀರಿ ಸಾವ್ಕಾರ್ರ, ಸ್ವಿಚ್ಚಿನ ಗುಂಡಿ ಕಿತ್ತು ಕೈಯಾಗ ಬಂದೈತಿ!"

ಧರೆಪ್ಪ ಬ್ಯಾಟರಿಯ ತಂತಿಯನ್ನೇ ಜಗ್ಗಿದಾಗ ಗಾಡಿ ನಿಂತಿತು, ಭೀಮಶ್ಯಾನ ತಲೆ ನಿಲ್ಲಲಿಲ್ಲ. ಇಳಿದವನು ತನ್ನದೇ ಅಂಗಡಿಯೆಂದು ನೆಟ್ಟಗೆ ಎದುರಾಳಿ ವ್ಯಾಪಾರಿಯ ಅಂಗಡಿಗೆ ನಡೆದು, ಅವನ ಗಾದಿಯ ಮೇಲೆ ಕೂತು, "ನೀರು ತರ್ರಿ," ಎಂದ. ಆ ವ್ಯಾಪಾರಿಯೂ ಗಾಬರಿಯಲ್ಲಿ ತಂದುಕೊಟ್ಟ.

ಎದುರುಬದುರು ಕೂತ ಮೋಟರುಗಳಲ್ಲಿ ಒಂದರ ತಂತಿಗಳನ್ನು ಅದಲುಬದಲು ಮಾಡಿದ ಮೇಲೆ ಗಾಡಿ ನೆಟ್ಟಗೆ ಓಡಿತು. ಅಂದು ಅದೇ ಬ್ಯಾಟರಿಯಲ್ಲಿ ನಾಲ್ಕು ಟ್ರಿಪ್ಪು ಮುಗಿದವು. ಐದನೆಯದಕ್ಕೆ ಧರೆಪ್ಪನಿಗೇ ಸುಸ್ತು. ಬಸವನ ಬಾಗೇವಾಡಿಯಿಂದಲೂ ಜನ ನೋಡಲು ಬಂದರು.

ಮುಂದಿನ ತಿಂಗಳು ಎರಡನೇ ಗಾಡಿ ಮಾಡಿಸಿದವನು ಭೀಮಶ್ಯಾನೇ. ಚೀಲಗಳು ಗಾಡಿಯಲ್ಲಿ ಬರುತ್ತಿದ್ದವು, ಅವನು ಹತ್ತು ಮಾರು ದೂರದಲ್ಲಿ ನಡೆದು ಬರುತ್ತಿದ್ದ.